ಕಂಕಣ ಕಟ್ಟಿದ ಹೆಲಿಕಾಪ್ಟರ್

೬ ಅಕ್ಟೋಬರ್ ೨೦೨೪, ಭಾನುವಾರ

ಶಾಲೆಯಲ್ಲಿ ನಮ್ಮಿಂದ ಇಂಗ್ಲಿಷಿನಲ್ಲಿ ಡೈರಿ ಬರೆಸುತ್ತಿದ್ದರು. ಮೇಡಂ ಅದನ್ನು ಓದಿ ಕೆಂಪು ಪೆನ್ನಿನಿಂದ ತಿದ್ದುತ್ತಿದ್ದರು. ಇದನ್ನು ಯಾರೂ ಓದುವುದಿಲ್ಲ, ಯಾರೂ ತಿದ್ದುವುದಿಲ್ಲ, ಅದಕ್ಕೇ ಕನ್ನಡದಲ್ಲಿ. ಒತ್ತಕ್ಷರ ತಪ್ಪಿದರೆ ತಪ್ಪಲಿ.

ಮದುವೆಯಾಗಿ ಇವತ್ತಿಗೆ ನಾಲ್ಕು ತಿಂಗಳು. ಅಫಜಲಪುರ ತಾಲ್ಲೂಕಿನ ಮಣ್ಣೂರಿನ ಸೃಷ್ಟಿ ಈಗ ಆಳಂದ ತಾಲ್ಲೂಕಿನ ಭೂಸನೂರಿನ ಸೊಸೆ. ಅಲ್ಲಿ ಮನೆಯ ಮುಂದೆ ಭೀಮಾ ನದಿ, ಇಲ್ಲಿ ಮನೆಯ ಸುತ್ತ ಕಬ್ಬು. ನಮ್ಮವರ ಹೆಸರು ಕಲ್ಲಿನಾಥ. ಬರೆಯುವಾಗಲೇ ನಾಚಿಕೆಯಾಗುತ್ತದೆ, ಎಂಥ ಹುಚ್ಚಿ ನಾನು. ಆಳಂದದಲ್ಲಿ ಅವರದು ಹನಿ ನೀರಾವರಿ ಪೈಪಿನ ಅಂಗಡಿ. ಮದುವೆಗೆ ಮುಂಚೆ ಫೋನಿನಲ್ಲಿ, "ನಂದೊಂದು ಚಟ ಅದ, ಮೊದ್ಲೇ ಹೇಳಿಬಿಡ್ತೇನಿ" ಎಂದಾಗ ನನ್ನ ಎದೆ ಧಸಕ್ಕೆಂದಿತ್ತು. ಕುಡಿತವೋ ಇಸ್ಪೀಟೋ ಎಂದು ಹೆದರಿ ಕುಳಿತಿದ್ದೆ. ಮರುದಿನ ಒಂದು ಫೋಟೊ ಬಂತು. ರಿಮೋಟಿನಿಂದ ಹಾರಿಸುವ ಹೆಲಿಕಾಪ್ಟರನ್ನು ತೊಡೆಯ ಮೇಲೆ ಮಗುವಿನಂತೆ ಕೂರಿಸಿಕೊಂಡ ಗಂಡಸು.

ಇವತ್ತು ಸಂಜೆ ಕಬ್ಬು ಕಡಿದ ಹೊಲದಲ್ಲಿ ಅದನ್ನು ಹಾರಿಸಿದರು. ನನ್ನ ಜೀವಮಾನದಲ್ಲಿ ಅಷ್ಟು ಸುಂದರವಾದದ್ದನ್ನು ನೋಡಿಲ್ಲ. (ಇದನ್ನು ನಾನು ದಿನಕ್ಕೆ ನಾಲ್ಕು ಸಲ ಹೇಳುತ್ತೇನಂತೆ, ಅತ್ತೆ ಎಣಿಸಿದ್ದಾರೆ.) ಅದು ಗಾಳಿಯಲ್ಲಿ ಒಂದೇ ಕಡೆ, ಮೊಳೆಗೆ ತೂಗುಹಾಕಿದಂತೆ ನಿಲ್ಲುತ್ತದೆ. ಹಾಗೆ ನಿಲ್ಲಿಸಲು ಅವರ ಎರಡೂ ಹೆಬ್ಬೆರಳು ರಿಮೋಟಿನ ಮೇಲೆ ಒಂದು ಕ್ಷಣವೂ ಸುಮ್ಮನಿರುವಂತಿಲ್ಲ. ಎಡ ಹೆಬ್ಬೆರಳು ಎತ್ತರಕ್ಕೆ ಮತ್ತು ಬಾಲಕ್ಕೆ, ಬಲದ್ದು ವಾಲಿಸಲು.

ಅವರ ಗೆಳೆಯ ಜಾವೀದ ಜೇವರ್ಗಿಯಿಂದ ಬಂದಿದ್ದರು. ಥರ್ಮಾಕೋಲ್ ಕೊರೆದು ಮದುವೆ ಸ್ಟೇಜು ಮಾಡುವುದು ಅವರ ಕಸುಬು, ನಮ್ಮ ಮದುವೆಯದೂ ಅವರದೇ. ಉಳಿದ ಥರ್ಮಾಕೋಲಿನಲ್ಲಿ ವಿಮಾನ ಮಾಡಿ ಹಾರಿಸುತ್ತಾರೆ. ಹೆಲಿಕಾಪ್ಟರಿನ ರೆಕ್ಕೆ ವಾಲಿಸುವ ಪುಟ್ಟ ಮೋಟರೊಂದು ಕೆಟ್ಟಿತ್ತು, ಅದನ್ನು ಬದಲಿಸಿ ಕೊಟ್ಟರು.

"ನಿಂದು ಹಾರೂದಲ್ಲಲೇ ಕಲ್ಲ್ಯಾ, ನಿಂದು ಬರೇ ನಿಂದ್ರೂದು," ಎಂದರು ಜಾವೀದ.

"ನಿಂದು ಏನಲೇ, ಪಟ. ದಾರ ಹರ್ಕೊಂಡ ಪಟ."

ಇಬ್ಬರೂ ಐದನೆಯ ತರಗತಿಯಿಂದ ಹೀಗೇ ಜಗಳವಾಡುತ್ತಿದ್ದಾರಂತೆ.

೧೧ ಅಕ್ಟೋಬರ್, ಶುಕ್ರವಾರ

ಇವತ್ತು ಖಂಡೇ ಪೂಜೆ, ಅಂದರೆ ಆಯುಧ ಪೂಜೆ. ಈ ಮನೆಯಲ್ಲಿ ಒಂದು ರೂಢಿಯಿದೆ. ಹೊಸ ಸೊಸೆ ಬಂದ ವರ್ಷ, ಮನೆಯ ದುಡಿಯುವ ಸಾಮಾನಿಗೆಲ್ಲ ಅವಳೇ ಅರಿಸಿನ ದಾರದ ಕಂಕಣ ಕಟ್ಟಬೇಕು.

"ಸೊಸಿ ಕೈಲೆ ಕಟ್ಟಿದ್ರ ಸಾಮಾನಕ್ಕ ಆಯುಷ್ಯ ಹೆಚ್ಚು ಬೇ. ನಾ ಕಟ್ಟಿದ ಹೊಲ ಹೂಡೂ ರಂಟಿ ಇನ್ನಾ ಅದ ನೋಡು," ಎಂದರು ಅತ್ತೆ ಶಾರದಾಬಾಯಿ.

ಟ್ರ್ಯಾಕ್ಟರು, ಪಂಪು, ಕುಡಗೋಲು, ಮಿಕ್ಸರು, ಹೊಲಿಗೆ ಯಂತ್ರ. ಒಟ್ಟು ಮೂವತ್ತೊಂದು. ಮಾವ ಜಗದೇವಪ್ಪ ತಮ್ಮ ಕನ್ನಡಕವನ್ನೂ ತಂದಿಟ್ಟು, "ಇದೂ ದುಡಿತದ, ಪೇಪರ್ ಓದತದ" ಎಂದರು. ನಾನು ನಕ್ಕು ನಕ್ಕು ಅರಿಸಿನದ ಬಟ್ಟಲು ಚೆಲ್ಲಿದೆ. ಹೆಲಿಕಾಪ್ಟರ್ ತರಲೇ ಎಂದು ಕೇಳಿದ್ದಕ್ಕೆ ಮಾವ, "ಅದು ದುಡಿಯೂ ಹತ್ಯಾರಲ್ಲವಾ, ಗಿರಗಿಟ್ಲಿ. ಆಟಿಗಿ ಸಾಮಾನ" ಎಂದುಬಿಟ್ಟರು. ನಮ್ಮವರ ಮುಖ ಸಣ್ಣದಾಯಿತು. ನಮ್ಮವರು ನಕ್ಕರೂ ನನಗೆ ಕಂಡಿತು.

ಅವರು ಸ್ನಾನಕ್ಕೆ ಹೋದಾಗ ಕೋಣೆಯಲ್ಲಿ ನಾನೇ ಅದಕ್ಕೂ ಕಟ್ಟಿದೆ. ದೊಡ್ಡ ರೆಕ್ಕೆಗಳ ಕೆಳಗೆ ಕುತ್ತಿಗೆಯಂಥ ಜಾಗವಿದೆ, ಸುತ್ತ ಸಣ್ಣ ಸಣ್ಣ ಕಡ್ಡಿಗಳಿವೆ, ಅಲ್ಲಿ ಕಟ್ಟಿದರೆ ಹೊರಗೆ ಕಾಣುವುದಿಲ್ಲ. ಮೂರು ಗಂಟು. ಮೂವತ್ತೆರಡು. ನಾಳೆ ಹಾರಿಸಿದ ಮೇಲೆ ಹೇಳುತ್ತೇನೆ. ಅವರ ಮುಖ ಹೇಗಾಗುತ್ತದೋ ನೋಡಬೇಕು.

೧೩ ಅಕ್ಟೋಬರ್, ಭಾನುವಾರ. ಕಲಬುರಗಿ, ಆಸ್ಪತ್ರೆ

ಎಡ ಹೆಬ್ಬೆರಳು. ನರ ಕತ್ತರಿಸಿದೆ. ಮಡಚುವ ಸ್ನಾಯುವೂ. ಮೂರು ತಾಸು ಆಪರೇಷನ್.

ಬರೆದರೆ ನಿಜವಾಗುತ್ತದೆ ಎಂಬ ಹೆದರಿಕೆ. ಬರೆಯದಿದ್ದರೂ ನಿಜವೇ.

ನಿನ್ನೆ ಸಂಜೆ ಬನ್ನಿ ಹಂಚಲು ಹೋಗುವ ಮೊದಲು ಹೊಲಕ್ಕೆ ಹೋದೆವು. ಹಾರಿಸುವ ಮುಂಚೆ ಅವರು ಹತ್ತು ನಿಮಿಷ ಒಂದೊಂದು ಕೀಲನ್ನೂ ಬೆರಳಿನಿಂದ ಮುಟ್ಟಿ ನೋಡುತ್ತಾರೆ. ನಾನು ಅವರ ಮೊಬೈಲ್ ಹಿಡಿದು ನಿಂತಿದ್ದೆ. "ಬೆಳಕು ಹೋಗಾಕತ್ತದ, ವಿಡಿಯೊ ಚಂದ ಬರೂದಿಲ್ಲ, ಇವತ್ತೊಂದಿನ ಬಿಡ್ರಿ" ಎಂದೆ. ಅವರು ನಕ್ಕು ಬಿಟ್ಟರು. ನನ್ನ ಮಾತು ಕೇಳಿ ಕೀಲು ಮುಟ್ಟಿ ನೋಡುವುದನ್ನು ಬಿಟ್ಟರು.

ಸೊಂಟದೆತ್ತರಕ್ಕೆ ಎದ್ದಿತು. ನಿಲ್ಲಲಿಲ್ಲ. ವಾಲಿ ಅಡ್ಡಡ್ಡ ನಮ್ಮ ಕಡೆಗೇ ಬಂತು. ಅವರು ಬಲಗೈಯಿಂದ ನನ್ನನ್ನು ನೂಕಿ ಎಡಗೈಯನ್ನು ಮುಂದೆ ಹಿಡಿದರು.

ಎಲ್ಲರೂ ಓಡಿ ಬಂದು ಮಾವನ ಹೆಗಲ ವಲ್ಲಿಯಿಂದ ಅವರ ಕೈ ಸುತ್ತುತ್ತಿದ್ದಾಗ ಯಂತ್ರ ಕಬ್ಬಿನ ಕೂಳೆಯಲ್ಲಿ ತಲೆಕೆಳಗಾಗಿ ಬಿದ್ದಿತ್ತು. ಕುತ್ತಿಗೆಯಲ್ಲಿ ಹಳದಿ ಕಂಡಿತು. ರೆಕ್ಕೆ ವಾಲಿಸುವ ಕಡ್ಡಿಗಳಿಗೆ ಬಿಗಿಯಾಗಿ ಸುತ್ತಿಕೊಂಡಿತ್ತು. ನಾನು ಕೂತು ಉಗುರಿನಿಂದ ಅದನ್ನು ಹರಿದು ಕುಪ್ಪಸದಲ್ಲಿ ಇಟ್ಟುಕೊಂಡೆ. ಗಂಡನ ಕೈಯಿಂದ ರಕ್ತ ಹರಿಯುತ್ತಿದ್ದಾಗ ನಾನು ಮಾಡಿದ ಕೆಲಸ ಇದು.

ಯಾರೂ ನೋಡಲಿಲ್ಲ.

೧೬ ಅಕ್ಟೋಬರ್, ಬುಧವಾರ

ಜಾವೀದ ಬಂದರು. ಮೋಸಂಬಿ ತಂದಿದ್ದರು. ಅವರು ಮಂಚದ ಹತ್ತಿರ ಕೂರುವ ಮೊದಲೇ ನಮ್ಮವರು ಗೋಡೆ ನೋಡುತ್ತ ಹೇಳಿದರು:

"ನೀ ಹಾಕಿದ್ದು ಡುಪ್ಲಿಕೇಟ್ ಮೋಟರು."

"ಇಲ್ಲಲೇ. ಮೂರು ಸಲ ತಿರುವಿ ನೋಡೇನಿ ನಾ."

"ಹಂಗಾರ ಗಾಳಿ ಕೊಯ್ತೇನು ನನ್ನ ಹೆಬ್ಬಟ್ಟು?"

ಜಾವೀದ ತಮ್ಮ ಎರಡೂ ಕೈ ನೋಡಿಕೊಂಡು, "ಇರಬಹುದೇನೋಪ, ನಂದೇ ಗಲತಿ ಆಗಿರಬಹುದು" ಎಂದರು.

ನಾನು ಮೋಸಂಬಿ ಸುಲಿಯುತ್ತಿದ್ದೆ. ಬಾಯಿ ತೆರೆದೆ. "ಚಹಾ ಕುಡಿತೀರೇನ್ರಿ?" ಎಂದು ಕೇಳಿದೆ.

೨೬ ಅಕ್ಟೋಬರ್, ಶನಿವಾರ

ಮನೆಗೆ ಬಂದು ನಾಲ್ಕು ದಿನ. ಬೆರಳು ಉಳಿದಿದೆ, ಆದರೆ ಮಡಚುವುದಿಲ್ಲ. ಮಡಚುವ ಆಸೆ ಇಟ್ಟುಕೊಳ್ಳಬೇಡಿ ಎಂದಿದ್ದಾರೆ ಡಾಕ್ಟರು. ಹೆಲಿಕಾಪ್ಟರ್ ಅಟ್ಟ ಸೇರಿದೆ. ಜಾವೀದರ ಫೋನು ದಿನಕ್ಕೆರಡು ಸಲ ಬರುತ್ತದೆ, ನಮ್ಮವರು ಅದು ಹೊಡೆದುಕೊಂಡು ನಿಲ್ಲುವವರೆಗೂ ನೋಡುತ್ತಾರೆ.

ಬೆಳಿಗ್ಗೆ ಅವರ ಅಂಗಿಯ ಗುಂಡಿ ನಾನು ಹಾಕುತ್ತೇನೆ. ಕೊನೆಯ ಗುಂಡಿಯಾದ ಮೇಲೆ ಇವತ್ತು "ಥ್ಯಾಂಕ್ಸ್" ಎಂದರು. ಅಂಗಡಿಯ ಗಿರಾಕಿಗೆ ಹೇಳಿದಂತೆ. ನಾನು ಬಚ್ಚಲಿಗೆ ಹೋಗಿ ಕೊಡದಲ್ಲಿ ನೀರು ತುಂಬುವವರೆಗೂ ನಿಂತಿದ್ದೆ.

ನಾಳೆ ಹೇಳುತ್ತೇನೆ.

೯ ನವೆಂಬರ್, ಶನಿವಾರ

ಹೇಳಿಲ್ಲ.

ಇವತ್ತು ಜೇವರ್ಗಿಯಿಂದ ಬಸ್ಸಿನಲ್ಲಿ ಒಂದು ಪಾರ್ಸೆಲ್ ಬಂತು, ಮದುವೆ ಪೆಂಡಾಲಿನ ಗುಲಾಬಿ ಬಟ್ಟೆಯಲ್ಲಿ ಸುತ್ತಿದ್ದು. ಒಳಗೆ ಥರ್ಮಾಕೋಲಿನ ವಿಮಾನ. ರೆಕ್ಕೆ ನನ್ನ ಎರಡು ತೋಳು ಚಾಚಿದಷ್ಟು ಅಗಲ. ಯಾರದೋ ಸ್ಟೇಜಿನ ಹಲಗೆಯಿಂದ ಮಾಡಿದ್ದು, ರೆಕ್ಕೆಯ ಕೆಳಗೆ ಆ ಮದುಮಗಳ ಹೆಸರಿನ ತುಂಡು, "ಗರತ್ನಾ" ಎಂಬ ಕೆಂಪು ಅಕ್ಷರಗಳು ಉಳಿದಿವೆ. ಜೊತೆಗೊಂದು ಚೀಟಿ:

"ಕಲ್ಲ್ಯಾ, ಇದಕ್ಕೆ ಬಲ ಹೆಬ್ಬಟ್ಟು ಒಂದೇ ಸಾಕು. ಎಡಗೈಯ ಯಾವುದಾದರೂ ಬೆರಳಿನಿಂದ ವೇಗ ಒಂದು ಕಡೆ ಇಟ್ಟು ಬಿಟ್ಟುಬಿಡು. ಅದು ತಾನೇ ಹಾರುತ್ತದೆ. ಮೋಟರುಗಳು ಹೊಸವು, ಬಿಲ್ ಒಳಗಿದೆ, ಬೇಕಾದರೆ ಬೇರೆಯವರಿಗೆ ತೋರಿಸು."

ನಮ್ಮವರು ಚೀಟಿ ಓದಿ ಮಡಚಿದರು, ಹಲ್ಲಿನಿಂದ. "ಮ್ಯಾಲಿಡು" ಎಂದರು. ನಾನು ಅಟ್ಟಕ್ಕೆ ಹಾಕದೆ ಮಂಚದ ಕೆಳಗೆ ಇಟ್ಟೆ.

೧೦ ನವೆಂಬರ್

ಬೇಕಾದರೆ ಬೇರೆಯವರಿಗೆ ತೋರಿಸು.

೨೧ ನವೆಂಬರ್, ಗುರುವಾರ

ನಾನು ಹಾರಿಸುವುದನ್ನು ಕಲಿಯುತ್ತಿದ್ದೇನೆ. ನಾನು ಹಾರಿಸಿದರೆ ಅವರಿಗೂ ಕೈ ತುರಿಸಬಹುದು ಎಂದು ಲೆಕ್ಕ. ಮಧ್ಯಾಹ್ನ ಅವರು ಗುಳಿಗೆ ತೆಗೆದುಕೊಂಡು ಮಲಗಿದಾಗ ಲ್ಯಾಪ್‌ಟಾಪಿಗೆ ರಿಮೋಟ್ ಜೋಡಿಸಿ ಆಟದಲ್ಲಿ ಹಾರಿಸುತ್ತೇನೆ. ಮೊದಲ ದಿನ ಮೂವತ್ತು ವಿಮಾನ ಕೆಡವಿದೆ. ಪರದೆಯ ಮೇಲೆ ಬಿದ್ದರೆ ಯಾರ ಕೈಯೂ ಹೋಗುವುದಿಲ್ಲ.

ತಿಳಿಯದಿದ್ದುದನ್ನು ಜಾವೀದರಿಗೆ ಫೋನ್ ಮಾಡಿ ಕೇಳುತ್ತೇನೆ. ಎಷ್ಟು ತಾಳ್ಮೆಯ ಮನುಷ್ಯ. ಸ್ವಂತ ಅತ್ತಿಗೆಯನ್ನು ಕರೆದಂತೆ "ವೈನಿ" ಎನ್ನುತ್ತಾರೆ, ನಾನು ಬೇಗ ಮುಂದಿನ ಪ್ರಶ್ನೆ ಕೇಳುತ್ತೇನೆ. ಅತ್ತೆ ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕೂರುತ್ತಾರೆ. ಸೊಸೆಯ ಕಾವಲಿಗೆಂದು ಕುಳಿತವರು ಈಗ ನನಗಿಂತ ಹೆಚ್ಚು ಕಲಿತಿದ್ದಾರೆ. ಇವತ್ತು ಹೊಲದಲ್ಲಿ ಮೋಟರ್ ಹಾಕದೆ ಬರೇ ಎಸೆದು ನೋಡಿದೆವು. ಎಸೆದವರು ಅತ್ತೆ, ಫೋನಿನ ಸ್ಪೀಕರಿನಲ್ಲಿ ಜಾವೀದ.

"ವೈನಿ, ಅವ್ವಾರಿಗೆ ಹೇಳ್ರಿ, ಮೂಗು ಮ್ಯಾಲ ಮಾಡಿ ಒಗಿಬಾರ್ದು. ಸೀದಾ ಒಗಿಬೇಕು."

"ಸೀದಾನೇ ಒಗದೇನಲೇ ಜಾವೀದ್ಯಾ. ನಿನ್ನ ವಿಮಾನೇ ಡೊಂಕ ಅದ."

"ನಿಮ್ಮ ರೊಟ್ಟಿ ಹಂಗ ದುಂಡಗ ಮಾಡಾಕ ಬರೂದಿಲ್ರಿ ಅವ್ವಾ ನನಗ."

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಆಮೇಲೆ ಫೋನು ಮುಚ್ಚಿ, "ಭಾಳ ಛಲೋ ಹುಡುಗ ಇತ್ತು. ಅಂಥಾ ಮೋಟರ್ ಯಾಕ ಹಾಕ್ತೋ" ಎಂದರು.

೧ ಡಿಸೆಂಬರ್, ಭಾನುವಾರ

ಹಾರಿತು.

ಅತ್ತೆ ಎಸೆದರು, ನಾನು ಬಲ ಹೆಬ್ಬೆರಳಿನಿಂದ ಎತ್ತಿದೆ, ಕಬ್ಬಿನ ಮೇಲಿಂದ ಅಗಲವಾಗಿ ತಿರುಗಿ ನಮ್ಮ ತಲೆಯ ಮೇಲೆ ಬಂತು. ತುಟಿ ಕಚ್ಚಿಕೊಂಡು ರಕ್ತ ಬಂದದ್ದೂ ತಿಳಿಯಲಿಲ್ಲ. ಎರಡನೆಯ ಸುತ್ತಿಗೆ ಹಿಂದಿನಿಂದ ದನಿ ಬಂತು: "ಮೂಗು ಬೀಳಾಕತ್ತದ. ವೇಗ ಕೊಡು." ನಮ್ಮವರು. ಮನೆಯ ಮಾಳಿಗೆಯಿಂದ ನೋಡಿ ಚಪ್ಪಲಿಯಿಲ್ಲದೆ ಬಂದಿದ್ದರು. ಕೂಳೆಯಲ್ಲಿ ಇಳಿಸಿದೆ, ಚಕ್ರವೊಂದು ಮುರಿಯಿತು ಅಷ್ಟೆ. ಅವರು ವಿಮಾನವನ್ನು ಎತ್ತಿ ರೆಕ್ಕೆಯ ಅಂಚನ್ನು ಬೆರಳಿನಿಂದ ಸವರಿದರು. ಐವತ್ತು ದಿನಗಳಲ್ಲಿ ಅವರು ಒಂದು ವಸ್ತುವನ್ನು ಹಾಗೆ ಮುಟ್ಟಿದ್ದು ಇವತ್ತು. ನನಗೆ ಜಗತ್ತೇ ಸಿಕ್ಕಂತಾಯಿತು. ನಾಲ್ಕು ನಿಮಿಷ.

ಊಟಕ್ಕೆ ಕುಳಿತಾಗ ಮಾವ ಹೇಳಿದರು: "ನಮ್ಮೂರ ಭೀಮಶಾನ ಮಗಳ ಲಗ್ನದ ಸ್ಟೇಜು ಜಾವೀದ್ಗ ಕೊಡಬ್ಯಾಡ ಅಂತ ಹೇಳಿಬಂದೇನಿ. ಇನ್ನಾ ಇಬ್ಬರಿಗೂ ಹೇಳೇನಿ. ಮಂದಿ ಕೈ ಕಳ್ಯಾಂವ ಅವ."

ನಮ್ಮವರು ರೊಟ್ಟಿ ಮುರಿದರು. ನಾನು ಬಡಿಸುತ್ತಿದ್ದ ಪಲ್ಯ ತಟ್ಟೆಯ ಹೊರಗೆ ಬಿತ್ತು.

೮ ಡಿಸೆಂಬರ್, ಭಾನುವಾರ

ಹೇಳಿದೆ. ಬೆಳಿಗ್ಗೆ ಗುಂಡಿ ಹಾಕುವಾಗ. ಮೂರನೆಯ ಗುಂಡಿಗೆ ಶುರು ಮಾಡಿ ಐದನೆಯದಕ್ಕೆ ಮುಗಿಸಿದೆ. ದಾರ ಕಟ್ಟಿದ್ದು ನಾನು, ಅದನ್ನು ಹರಿದು ಬಚ್ಚಿಟ್ಟಿದ್ದೂ ನಾನು, ಜಾವೀದರ ಮೋಟರಿನಲ್ಲಿ ಏನೂ ತಪ್ಪಿರಲಿಲ್ಲ.

ಹೊಡೆಯುತ್ತಾರೆ, ಮಣ್ಣೂರಿಗೆ ಕಳಿಸುತ್ತಾರೆ, ಅಳುತ್ತಾರೆ. ಏಳು ದಿನ ಇವನ್ನೆಲ್ಲ ನೆನೆದು ಸಿದ್ಧಳಾಗಿದ್ದೆ. ಅವರು ಹೇಳಿದ್ದಕ್ಕೆ ಸಿದ್ಧಳಾಗಿರಲಿಲ್ಲ.

"ಗೊತ್ತದ," ಎಂದರು.

ಮೊಬೈಲ್ ತೆಗೆದು ನಾನೇ ಮಾಡಿದ ವಿಡಿಯೊ ತೋರಿಸಿದರು. ನಿಧಾನ ಮಾಡಿದರೆ ಹೆಲಿಕಾಪ್ಟರ್ ವಾಲುವ ಕ್ಷಣದಲ್ಲಿ ಕುತ್ತಿಗೆಯ ಹತ್ತಿರ ಒಂದು ಹಳದಿ ಗೆರೆ, ಕಣ್ಣು ಮಿಟುಕಿಸುವಷ್ಟು ಹೊತ್ತು. ಆಸ್ಪತ್ರೆಯ ಮೂರನೆಯ ದಿನವೇ ನೋಡಿದ್ದರಂತೆ. ನಾನು ಬೆರಳು ಮಡಚಿ ಎಣಿಸಿದೆ. ಜಾವೀದ ಬಂದದ್ದು ನಾಲ್ಕನೆಯ ದಿನ.

"ಹಂಗಾರ ಅವರಿಗೆ ಡುಪ್ಲಿಕೇಟ್ ಮೋಟರು ಅಂದ್ರಿ?"

"ಅಂದೆ."

"ಗೊತ್ತಿದ್ದು ಅಂದ್ರಿ?"

"ನಿನ್ನ ಮ್ಯಾಲೆ ಸಿಟ್ಟಾದ್ರ ದಿನಾ ನಿನ್ನ ಮಾರಿ ನೋಡ್ಬೇಕು. ಜಾವೀದ ಜೇವರ್ಗ್ಯಾಗ ಇರ್ತಾನ." ಸ್ವಲ್ಪ ತಡೆದು, "ಮೊದಲ ನೀ ಹೇಳ್ಲಿ ಅಂತ ಕಾದೆ. ಆಮ್ಯಾಲೆ ಹೇಳದಿದ್ರ ಸಾಕು ಅಂತ ಕಾದೆ. ಹೇಳಿಬಿಟ್ಟಿ. ಈಗ ನಾ ಹೋಗಿ ಅವ್ನ ಮಾರಿ ನೋಡ್ಬೇಕು" ಎಂದರು.

ನಾನು ಮಂಚದ ಮೇಲೆ ಕುಳಿತೆ. ನಾನು ಮೋಸಂಬಿ ಸುಲಿಯುತ್ತಿದ್ದಾಗ ಆ ಕೋಣೆಯಲ್ಲಿ ನಿಜ ಗೊತ್ತಿದ್ದವರು ಇಬ್ಬರು. ಇಬ್ಬರೂ ಅದನ್ನು ಮುಚ್ಚಿಟ್ಟೆವು. ಗೊತ್ತಿಲ್ಲದವನು ಒಬ್ಬನೇ, ಅವನು ತಪ್ಪೊಪ್ಪಿಕೊಂಡು ಹೋದ.

೯ ಡಿಸೆಂಬರ್

ಇವತ್ತು ಅಂಗಿಯ ಗುಂಡಿ ನಾನು ಹಾಕಲಿಲ್ಲ. ಕಲ್ಲಿನಾಥ ಕರೆಯಲೂ ಇಲ್ಲ. ಅರ್ಧ ತಾಸು ಹಿಡಿಯಿತು, ಹಾಕಿಕೊಂಡ.

೧೦ ಡಿಸೆಂಬರ್, ಮಂಗಳವಾರ

ಅತ್ತೆ ಮಾವರಿಗೆ ಹೇಳಿದೆವು. ನನ್ನದನ್ನು ನಾನು, ಅವನದನ್ನು ಅವನು. ಅತ್ತೆ, "ದಾರ ಕಟ್ಟು ಅಂದಾಕಿ ನಾನೇ ಅಲ್ಲೇನವಾ" ಎಂದು ತಲೆ ಹಿಡಿದುಕೊಂಡರು. ನೀವು ಹೇಳಿದ್ದು ಮೂವತ್ತೊಂದಕ್ಕೆ ಎಂದೆ. ಮಾವ ಮಗನ ಕಡೆ ತಿರುಗಿದರು. "ಹೆಣ್ಣುಹುಡುಗಿ ಅಂಜಿ ಮುಚ್ಚಿಟ್ಲು. ನೀ ಯಾಕ ಮುಚ್ಚಿಟ್ಟಿಲೇ?" ಎಂದು ಟವೆಲ್ ಹೆಗಲಿಗೆ ಹಾಕಿಕೊಂಡು ಭೀಮಶಾನ ಮನೆಗೆ ನಡೆದೇ ಹೋದರು.

೧೪ ಡಿಸೆಂಬರ್, ಶನಿವಾರ

ಜೇವರ್ಗಿಗೆ ಹೋದೆವು. ಕಬ್ಬಿನ ಗಾಡಿಗಳ ಹಿಂದೆ ಹಿಂದೆ, ಮೂರು ತಾಸು ದಾರಿ. ಜಾವೀದ ತಮ್ಮ ಶೆಡ್ಡಿನಲ್ಲಿ ಬಿಸಿ ತಂತಿಯಿಂದ ಥರ್ಮಾಕೋಲಿನ ನವಿಲು ಕೊರೆಯುತ್ತಿದ್ದರು. ಅದರ ಸುಟ್ಟ ವಾಸನೆ ಗಂಟಲಿಗೆ ಹತ್ತುತ್ತದೆ.

ನಾನು ಮೊದಲು ಹೇಳಿದೆ. ಆಮೇಲೆ ಕಲ್ಲಿನಾಥ. ಜಾವೀದ ನವಿಲಿನ ಕತ್ತು ಮುಗಿಯುವವರೆಗೂ ತಂತಿ ನಿಲ್ಲಿಸಲಿಲ್ಲ.

"ಗೊತ್ತಿದ್ದು ಅಂದಿ," ಎಂದರು ಕೊನೆಗೆ. ನನ್ನನ್ನು ನೋಡಲಿಲ್ಲ.

"ಹೌದು."

"ನಾ ಏನ್ ಮಾಡೇನಿ ಗೊತ್ತೇನು? ನಮ್ಮ ಹಾರಸೋರ ಗ್ರೂಪಿನ್ಯಾಗ ನಲವತ್ಮೂರು ಮಂದಿ. ಸೋಲಾಪುರ, ವಿಜಯಪುರ, ಬೀದರ. ನಾ ಮೋಟರ್ ಹಾಕಿಕೊಟ್ಟ ಒಬ್ಬೊಬ್ಬರಿಗೂ ಫೋನ್ ಹಚ್ಚಿ, ನನ್ನ ಕೈ ಕೆಲಸ ಬರೋಬ್ಬರಿ ಇಲ್ಲ, ಹಾರಸಬ್ಯಾಡ್ರಿ, ತಗದುಬಿಡ್ರಿ ಅಂತ ಹೇಳೇನಿ. ಹನ್ನೊಂದು ಮಂದಿಗೆ. ಅವತ್ತಿಂದ ಸ್ಕ್ರೂ ಡ್ರೈವರ್ ಹಿಡದಿಲ್ಲ ನಾ. ಕೈ ನಡುಗ್ತದ."

ಕಲ್ಲಿನಾಥ ನೆಲ ನೋಡುತ್ತಿದ್ದ. ಒಂದು ದಾರ ಇಷ್ಟು ದೂರ ಹೋಗುತ್ತದೆಂದು ನಾನು ಎಣಿಸಿರಲಿಲ್ಲ.

ಜಾವೀದ ತಮ್ಮ ಮೊಬೈಲಿನಲ್ಲಿ ಆ ಗ್ರೂಪು ತೆರೆದು ನನ್ನ ಮುಂದೆ ಹಿಡಿದರು. "ನನ್ನ ಮುಂದ ಹೇಳಿದ್ದು ಸಾಕಾತು ವೈನಿ. ಇಲ್ಲಿ ಹೇಳ್ರಿ."

ನಲವತ್ತಮೂರು ಜನ, ಒಬ್ಬರ ಮುಖವನ್ನೂ ನೋಡಿಲ್ಲ. ಮಾತು ರೆಕಾರ್ಡ್ ಮಾಡುವ ಗುಂಡಿ ಒತ್ತಿ ಹಿಡಿದು ಹೇಳಿದೆ. ಶಾಲೆಯಲ್ಲಿ ಭಾಷಣಕ್ಕೆ ಬಹುಮಾನ ತಂದವಳು ನಾನು, ನಾಲ್ಕು ವಾಕ್ಯಕ್ಕೆ ಮೂರು ಸಲ ತಡವರಿಸಿದೆ. ಹೆಸರು, ಊರು, ದಾರ, ಬಚ್ಚಿಟ್ಟದ್ದು. ಕಲ್ಲಿನಾಥ ಫೋನು ಇಸಿದುಕೊಂಡು, "ನಾ ಕಲ್ಲಿನಾಥ. ನನಗ ಮೊದ್ಲೇ ಗೊತ್ತಿತ್ತು. ಜಾವೀದನ ಕೆಲಸದಾಗ ಏನೂ ಗಲತಿ ಇದ್ದಿಲ್ಲ. ಸುಳ್ಳು ಹೇಳ್ದಾಂವ ನಾ" ಎಂದ.

ಜಾವೀದ ಎರಡನ್ನೂ ಒಮ್ಮೆ ಕೇಳಿಸಿಕೊಂಡರು. ತಂತಿಗೆ ಮತ್ತೆ ಕರೆಂಟ್ ಹಾಕಿದರು. "ಇನ್ನ ನಡೀರಿ, ಸಂಜಿಗೆ ನನಗ ನವಿಲು ಕೊಡಬೇಕು."

ಚಹಾ ಕುಡಿಯಿರಿ ಎನ್ನಲಿಲ್ಲ.

೨೨ ಡಿಸೆಂಬರ್, ಭಾನುವಾರ. ಅಂದೋಲಾ ಹತ್ತಿರದ ಹೊಲ

ಮೊದಲ ಸಲ ಬದುವಿನ ಮೇಲೆ ಕುಳಿತು ಬರೆಯುತ್ತಿದ್ದೇನೆ.

ನಿನ್ನೆ ಜಾವೀದರ ಫೋನು ಬಂತು, ಕಲ್ಲಿನಾಥನಿಗಲ್ಲ, ಅತ್ತೆಗೆ. ಅಂದೋಲಾ ಮಠದ ಹತ್ತಿರ ಸ್ಟೇಜಿನ ಕೆಲಸವಿದೆ, ಪಕ್ಕದ ಹೊಲ ಖಾಲಿ ಇದೆ, ಗಾಳಿ ಸಣ್ಣಗಿದೆ, ಕಳಿಸುವುದಿದ್ದರೆ ಕಳಿಸ್ರಿ ಎಂದರಂತೆ. ಬಂದೆವು. ಜಾವೀದ ಕಲ್ಲಿನಾಥನ ಜೊತೆ ಮಾತಾಡಲಿಲ್ಲ. ಆದರೆ ವಿಮಾನದ ಹೊಟ್ಟೆ ಬಿಚ್ಚಿ ಒಂದೊಂದು ಮೋಟರನ್ನೂ ಬಿಗಿ ಮಾಡಿದರು. ಸ್ಕ್ರೂ ಡ್ರೈವರ್ ನಡುಗುತ್ತಿತ್ತು. ಬಿಡಲಿಲ್ಲ.

ನಾನು ಎಸೆದೆ. ಕಲ್ಲಿನಾಥ ಎಡಗೈಯ ತೋರುಬೆರಳಿನಿಂದ ವೇಗ ಕೊಟ್ಟು, ಬಲ ಹೆಬ್ಬೆರಳಿನಿಂದ ಮೇಲಕ್ಕೆತ್ತಿದ. ಎರಡು ಸುತ್ತು ಚೆನ್ನಾಗಿಯೇ ಹೋಯಿತು. ಮೂರನೆಯದರಲ್ಲಿ ತಲೆಯ ಮೇಲೆ ಬಂದಾಗ ಹಳೆಯ ಅಭ್ಯಾಸದಿಂದ ವೇಗ ಇಳಿಸಿ ಅಲ್ಲೇ ನಿಲ್ಲಿಸಲು ನೋಡಿದ. ವಿಮಾನ ತೂಕಡಿಸಿದಂತೆ ಒಂದು ಕಡೆಗೆ ಜಾರಿತು.

"ನಿಂದ್ರೂದಿಲ್ಲಲೇ ಅದು, ನಿಂದ್ರೂದಿಲ್ಲ. ಬಿಡು, ಮುಂದ ಬಿಡು," ಎಂದು ಜಾವೀದ ಕೂಗಿದರು. ಶೆಡ್ಡಿನಿಂದ ನಮ್ಮನ್ನು ಕಳಿಸಿದ ಮೇಲೆ ಅವನಿಗೆ ಆಡಿದ ಮೊದಲ ಮಾತು.

ತಡವಾಗಿತ್ತು. ಆಚೆಯ ತೊಗರಿ ಹೊಲದ ಕಡೆ ಬಿತ್ತು. ತೊಗರಿ ಆಳೆತ್ತರ ಬೆಳೆದಿದೆ. ಇಬ್ಬರೂ ಒಳಗೆ ನುಗ್ಗಿ ಇಪ್ಪತ್ತು ನಿಮಿಷವಾಯಿತು. ಇಲ್ಲಿಂದ ಅವರು ಕಾಣುವುದಿಲ್ಲ, ಗಿಡದ ತುದಿಗಳು ಅಲ್ಲಾಡುವುದಷ್ಟೇ ಕಾಣುತ್ತದೆ. ಮೊದಲು ಎರಡು ಕಡೆ ಅಲ್ಲಾಡುತ್ತಿದ್ದವು, ಈಗ ಒಂದೇ ಕಡೆ.

"ಇಲ್ಲೇ ಬಿದ್ದದ ಅಂದ್ಯಲ್ಲಲೇ." ಜಾವೀದರ ದನಿ.

"ನಾ ಎಲ್ಲಿ ಅಂದೆ? ನೀ ಅಂದಿ."

"ಕಣ್ಣೂ ಕೊಯ್ಕೊಂಡಿಯೇನು ಹೆಬ್ಬಟ್ಟಿನ ಸಂಗಡ?"

ನನ್ನ ಪೆನ್ನು ನಿಂತಿತು. ಆಮೇಲೆ ಕಲ್ಲಿನಾಥನ ನಗು ಕೇಳಿತು. ಜಾವೀದ ನಗಲಿಲ್ಲ. "ಹಿಂಗ ಬಾ, ಈ ಸಾಲು ನೋಡೂಣು" ಎಂದರು.

ವಿಮಾನ ತೊಗರಿಯಲ್ಲಿಲ್ಲ. ಈ ಬದುವಿನ ತುದಿಯ ಜಾಲಿ ಮರದಲ್ಲಿ ಸಿಕ್ಕಿಕೊಂಡಿದೆ, ನನಗೆ ಇಲ್ಲಿಂದ ಸ್ಪಷ್ಟವಾಗಿ ಕಾಣುತ್ತಿದೆ. ಇನ್ನೂ ಹೇಳಿಲ್ಲ. ಆ ಸಾಲು ಮುಗಿಯಲಿ.